ತಲೆಕೆಳಗಿನ ಓದು

ಹೆಮ್ದಾ ಗಮ್ಲಿಯೇಲಳ ಮೇಜಿನ ಮೇಲೆ
ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ
ಒಂದು ತುಣುಕು ಆಡಿನ ಚರ್ಮ.
ಎರಡು ಸಾವಿರ ವರ್ಷದ ಹಿಂದಿನ ಆಡು,
ಉಪ್ಪುಕಡಲ ದಂಡೆಯ ಬೋಳುಗುಡ್ಡದಲ್ಲಿ
ಯಾವ ಮುಳ್ಳು ಜಗಿಯಿತೋ, ಯಾರ ಬೈಗುಳ ತಿಂದಿತೋ,
ಅದರ ಬೆನ್ನಿಗೆ ಅಂಟಿದೆ ಈಗ
ಶಾಸ್ತ್ರದ ಒಂದು ಚೂರು.

ಜೆರುಸಲೇಮಿನ ನೆಲಮಾಳಿಗೆ. ಮಂದ ದೀಪ.
ಗಾಳಿಗೂ ಇಲ್ಲಿ ಅಳತೆಯುಂಟು, ಉಸಿರಿಗೂ.
ಸೀನು ಬಂದರೆ ಹೊರಗೋಡಬೇಕು.
ಹನ್ನೊಂದು ವರ್ಷದಿಂದ ಓಡುತ್ತಿದ್ದಾಳೆ,
ಮರಳಿ ಬಂದು ಕೂರುತ್ತಿದ್ದಾಳೆ.

ಮೊದಲು ಹುಳುವಿನ ಲೆಕ್ಕ.
ಸುತ್ತಿಟ್ಟ ಸುರುಳಿಯನ್ನು ಒಂದೇ ಒಂದು ಹುಳು
ಹೊರಗಿನಿಂದ ಒಳಕ್ಕೆ ಕೊರೆದು ಹೋಗಿದೆ;
ಬಿಚ್ಚಿದರೆ ಅದೇ ತೂತು ಮತ್ತೆ, ಮತ್ತೆ,
ಸುತ್ತು ಕಿರಿದಾದಂತೆ ತೂತಿಗೆ ತೂತು ಹತ್ತಿರ,
ಎಂಟು ಬೆರಳು, ಏಳೂವರೆ, ಏಳು...
ಎಣಿಸುತ್ತ ಹೋಗಿ ಹೇಳುತ್ತಾಳೆ
ಕಳೆದುಹೋದದ್ದು ಎಷ್ಟು ಮೊಳವೆಂದು.
ತಿಂದವನ ಜಾಡು ಹಿಡಿದೇ
ತಿಂದದ್ದರ ಲೆಕ್ಕ ಕೇಳುವ ವಿದ್ಯೆ.
ಈ ಚೂರೊಂದರಲ್ಲಿ ಲೆಕ್ಕ ಕೂಡುತ್ತಿರಲಿಲ್ಲ.

ಆಮೇಲೆ ಅಕ್ಷರ.
ಆ ಲಿಪಿಕಾರ ಗೆರೆ ಎಳೆದು ಮೇಲೆ ಕೂರಿಸುವವನಲ್ಲ,
ಗೆರೆಯಿಂದ ಕೆಳಕ್ಕೆ ಇಳಿಬಿಡುತ್ತಾನೆ ಒಂದೊಂದನ್ನೂ,
ಹಗ್ಗಕ್ಕೆ ಒದ್ದೆ ಬಟ್ಟೆ ಹರವಿದಂತೆ.
ಇಲ್ಲಿ ಹಗ್ಗವೇ ಅಳಿಸಿದೆ. ಉಳಿದದ್ದು
ಮೂರು ಕಡ್ಡಿ, ಒಂದು ಕೊಂಡಿ, ಪಕ್ಕಕ್ಕೆ ನಾಲ್ಕು ಚುಕ್ಕೆ.
ಅವಕೆಂಪು ಬೆಳಕಿನ ಕ್ಯಾಮೆರಾ ನೋಡಿತು:
ಚುಕ್ಕೆ, ಬಹುಶಃ ನೊಣದ ಹಿಕ್ಕೆ, ಎಂದಿತು ವರದಿ.
ಹಳೆಯ ಪಟ್ಟಿಯಲ್ಲಿ ಯಾರೋ ಎಂದೋ ಬರೆದದ್ದು:
ನಾನೂರ ಹದಿನೇಳು. ಗುರುತಿಸಲಾಗದು.

ಅಪ್ಪ ಬಂದದ್ದು ಊಟದ ಡಬ್ಬಿ ಕೊಡಲು.
ಯಿಹ್ಯಾ ಗಮ್ಲಿಯೇಲ್, ಬೆಳ್ಳಿಯ ಅಕ್ಕಸಾಲಿ,
ಯೆಮೆನಿನಿಂದ ವಿಮಾನದಲ್ಲಿ ಬಂದಾಗ ಒಂಬತ್ತರ ಹುಡುಗ,
ರೆಕ್ಕೆಯ ಕೆಳಗೆ ಕೋಳಿಮರಿಯಂತೆ ಅವಿತವನು.
ಮೇಲಿನ ಮಹಡಿಯಲ್ಲಿ ಬೆಂಚು ಎರಡು, ಮೇಜು ಒಂದು.
ಮೇಜಿನ ಮೇಲೆ ಚೂರಿನ ದೊಡ್ಡ ಚಿತ್ರ,
ಮುಖ ಅವಳ ಕಡೆಗೆ. ಅಪ್ಪ ಎದುರಿಗೆ.

ಅವನ ಊರಲ್ಲಿ ಹುಡುಗರು ಏಳು, ಪುಸ್ತಕ ಒಂದು.
ನಡುವೆ ಪುಸ್ತಕ, ಸುತ್ತ ಹುಡುಗರು:
ಒಬ್ಬನಿಗೆ ನೆಟ್ಟಗೆ, ಇಬ್ಬರಿಗೆ ಅಡ್ಡ,
ಬಡವನ ಮಗನಿಗೆ ತಲೆಕೆಳಗು.
ಬಡವನ ಮಗ ಹಾಗೇ ಕಲಿತ.
ಇವತ್ತಿಗೂ ಶಬ್ಬತ್ತಿನ ಬೆಳಿಗ್ಗೆ ಪುಸ್ತಕ ಬುಡಮೇಲು ಹಿಡಿಯುತ್ತಾನೆ,
ಮೊಮ್ಮಕ್ಕಳು ಮುಸಿಮುಸಿ ನಗುತ್ತವೆ.
ಹೆಮ್ದಾಳೂ ನಕ್ಕಿದ್ದಳು, ಚಿಕ್ಕವಳಿದ್ದಾಗ.
ಡಾಕ್ಟರೇಟ್ ಆದ ಮೇಲೂ ಒಮ್ಮೆ.

ಡಬ್ಬಿಯ ಮುಚ್ಚಳ ತಿರುಗಿಸುತ್ತ
"ದೋವೋರ್," ಎಂದ.
"ಏನಪ್ಪಾ?"
"ಬರೆದಿದೆಯಲ್ಲ. ದಾಲೆತ್, ಬೇತ್, ರೇಶ್.
ಬೇತಿನ ಬಾಲ ಮುರಿದಿದೆ, ಪಾಪ."

ಅವಳು ಚಿತ್ರ ತಿರುಗಿಸಿದಳು.
ಇಲ್ಲದ ಹಗ್ಗದಿಂದ ಮೂರು ಬಟ್ಟೆ ತೂಗಿದವು.
ಹುಳುವಿನ ತೂತು ಸದ್ದಿಲ್ಲದೆ
ತನ್ನ ಸಾಲಿಗೆ ಬಂದು ನಿಂತಿತು.

"ಆದರೆ ಕಾಗುಣಿತವಿಲ್ಲ. ಬರೀ ಮೂರು ವ್ಯಂಜನ.
ಒಂದು ರೀತಿ ಉಸಿರೂದಿದರೆ 'ಮಾತು',
ಇನ್ನೊಂದು ರೀತಿಯಾದರೆ 'ಪಿಡುಗು'.
ಯಾವುದೆಂದು ಬರೆಯಲಿ?"
ಅಪ್ಪನಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿತು.
"ಈ ನಾಲ್ಕು ಚುಕ್ಕೆ ಏನು, ಮಗಳೇ?
ನಮ್ಮ ಪುಸ್ತಕದಲ್ಲಿ ಇಂಥದ್ದಿರಲಿಲ್ಲ."

ನೊಣದ ಹಿಕ್ಕೆ ಎನ್ನಲು ಬಾಯಿ ತೆರೆದಳು. ಮುಚ್ಚಿದಳು.
ಬೇರೆ ಗುಹೆಯ ಬೇರೆ ಸುರುಳಿಗಳಲ್ಲಿ
ಎಷ್ಟು ಸಲ ನೋಡಿಲ್ಲ ಇದನ್ನು,
ನಾಲ್ಕಕ್ಷರದ ಹೆಸರು ಬರಬೇಕಾದಲ್ಲಿ
ಕೈ ಹಿಂಜರಿದು ಇಟ್ಟುಹೋದ ನಾಲ್ಕು ಬಿಂದು!
"ಅದು ಹೆಸರು," ಎಂದಳು. "ಬರೆಯದೇ ಬಿಟ್ಟದ್ದು."

ಅಪ್ಪ ಅಂಗೈಯಿಂದ ಕಣ್ಣು ಮುಚ್ಚಿಕೊಂಡ,
ಬೆಳ್ಳಿಯ ಮಸಿ ಹೋಗದ ಅಂಗೈ.
ಆಮೇಲೆ ಕೈ ತೆಗೆದು, "ತಿನ್ನು, ಆರುತ್ತದೆ," ಎಂದ.

ಸಂಜೆ ಪಟ್ಟಿಯಲ್ಲಿ ಅವಳು ತುಂಬಿದಳು:
ನಾನೂರ ಹದಿನೇಳು. 'ಮಾತು', ಮುಂದೊಂದು ಪ್ರಶ್ನಾರ್ಥಕ.
ಓದಿದವರು: ಯಿಹ್ಯಾ ಗಮ್ಲಿಯೇಲ್, ಎದುರು ಬದಿಯಿಂದ.

ಚೂರನ್ನು ಮತ್ತೊಮ್ಮೆ ನೋಡಬೇಕೆನಿಸಿತು.
ಕೆಳಗೆ ಹೋಗುವಂತಿರಲಿಲ್ಲ.
ಎಷ್ಟು ತೊಳೆದರೂ ಬೆರಳು
ಮೆಂತ್ಯದ ವಾಸನೆ ಬಿಟ್ಟಿರಲಿಲ್ಲ.