ಗಳಿಕೆ ಕಾಲಂ

ಹಾಸನದ ಜೈಲಿನಲ್ಲಿ ದಿನ ಬರೆಯುವವನು ನಾನು.
ಕೈದಿಯಲ್ಲ, ಗುಮಾಸ್ತ.
ನಡತೆಗೆ ಎರಡು, ದುಡಿಮೆಗೆ ಎರಡು,
ಅಡುಗೆಮನೆಯವರಿಗೆ ಮೇಲೊಂದು,
ಹೊಗೆ ಕುಡಿಯುತ್ತಾರಲ್ಲ, ಅದಕ್ಕೆ.
ತಿಂಗಳಿಗೆ ಐದು, ನೀಲಿ ಶಾಯಿಯಲ್ಲಿ.
ಜಗಳವಾಡಿದರೆ, ಬೀಡಿ ಸಿಕ್ಕರೆ
ಅವೇ ದಿನಗಳನ್ನು ಕೆಂಪಿನಲ್ಲಿ ಹೊಡೆಯುತ್ತೇನೆ.
ದೇವರ ಕೆಲಸ ನಿಮ್ಮದು, ಅಂತ ನಗುತ್ತಾಳೆ ಹೆಂಡತಿ.
ದೇವರಿಗೆ ಆಡಿಟ್ ಇಲ್ಲ.

ನಿಂಗರಾಜಾಚಾರಿ, ದುದ್ದದ ಕಡೆಯವನು.
ಗುದ್ದಲಿಗೆ ಕಾವು ಹಾಕಿಕೊಟ್ಟ ಕೂಲಿ,
ಅರವತ್ತು ರೂಪಾಯಿ ಬಾಕಿ.
ಕೇಳಲು ಹೋದ, ಮಾತಿಗೆ ಮಾತು ಬೆಳೆಯಿತು,
ಅದೇ ಕಾವು ಕೈಗೆ ಬಂತು.
ಏಳು ವರ್ಷ.
ಇಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆದ, ಮುದ್ದೆ ತೊಳಸಿದ,
ಸಹಿ ಹಾಕುವುದು ಕಲಿತ.
ವರ್ಷಕ್ಕೆ ಅರವತ್ತು ದಿನ ಗಳಿಸಿದ.
ಅರವತ್ತು, ಅರವತ್ತು.
ಲೆಕ್ಕ ಬರೆಯುವವನ ಕಣ್ಣಿಗೆ ಇಂಥವು ಬೀಳುತ್ತವೆ,
ಅರ್ಥವೇನೂ ಇಲ್ಲ.
ಒಂದೇ ಒಂದು ಕಡೆ ಕೆಂಪು, ಹತ್ತು ದಿನ:
ಸೌದೆ ಚೂರಿನಲ್ಲಿ ಚಮಚ ಕೆತ್ತಿದ್ದ.
ಚಾಕು ಸರ್ಕಾರದ್ದು.

ಚಹಾ ಹೊತ್ತಿಗೆ ದಿನವೂ ಇದೇ ವಾದ.
ವಾರ್ಡರ್ ರುದ್ರಮುನಿಗೆ ಇದು ಆಷಾಢದ ಸೇಲ್,
ಏಳು ತಗೊಂಡರೆ ಒಂದು ಫ್ರೀ.
‘ಇಲ್ಲೇನ್ರೀ ಒಳ್ಳೇತನ?
ಬಸ್ಸೇ ಇಲ್ಲದ ಊರಲ್ಲಿ
ಟಿಕೆಟ್ ಇಲ್ಲದೆ ಹತ್ತಿಲ್ಲ ಅಂದ ಹಾಗಾಯ್ತು.’
ಶಾಹೀನಾ ಮೇಡಂ ಲೋಟ ಕೆಳಗಿಟ್ಟು ಹೇಳುತ್ತಾರೆ:
‘ನಾಳೆ ಅನ್ನೋದು ಇದ್ದರೆ ತಾನೇ
ಇವತ್ತು ಕೈ ಎತ್ತದೆ ಇರೋದು?
ಆಸೆ ಇಲ್ಲದ ಬ್ಯಾರಕ್ಕಿನಲ್ಲಿ
ಒಂದು ರಾತ್ರಿ ನೀವೇ ಪಾರಾ ಮಾಡಿ.’
ನಾನು ಯಾರ ಕಡೆಯೂ ಅಲ್ಲ.
ನನಗೇ ಇನ್ನೂರ ನಲವತ್ತು ಗಳಿಕೆ ರಜೆ ಉಳಿದಿವೆ,
ನಿವೃತ್ತಿಗೆ ಮಾರಿಕೊಳ್ಳುತ್ತೇನೆ.
ಯಾರೂ ಕೇಳುವುದಿಲ್ಲ
ನನ್ನ ನಡತೆ ಹೇಗಿತ್ತು ಅಂತ.

ಸೋಮವಾರ ಬಂದಳು ಚಿಕ್ಕತಾಯಮ್ಮ, ಸತ್ತವನ ಹೆಂಡತಿ.
ಯಾರೋ ಹೇಳಿದ್ದಾರೆ, ವರ್ಷ ಮುಂಚೆ ಬಿಡ್ತಾರಂತೆ.
ಅಳಲಿಲ್ಲ, ಕೂಗಲಿಲ್ಲ.
ಬೆಂಚಿನ ತುದಿಗೆ ಕೂತು
ಬೆರಳ ಗೆಣ್ಣಿನ ಮೇಲೆ ತಿಂಗಳು ಎಣಿಸಿದಳು.
‘ಕಳೆದಿರೋ ವರ್ಷ ಎಲ್ಲಿಗೆ ಹೋಯ್ತದೆ ಸಾಮಿ?
ನನ್ನ ಕಡೀಕೆ ಬರಾಕಿಲ್ವ?’
ನಿಯಮದ ಪುಸ್ತಕ ತೆಗೆದೆ, ಮುಚ್ಚಿದೆ.
ರಿಜಿಸ್ಟರನ್ನೇ ಅವಳತ್ತ ತಿರುಗಿಸಿದೆ.
ಓದು ಬರದು. ನೀಲಿಯ ಮೇಲೆ ಬೆರಳಾಡಿಸುತ್ತಾ
ಕೆಂಪಿನ ಹತ್ತಿರ ನಿಂತಳು.
‘ಇದ್ಯಾಕೆ?’
ಚಮಚ ಕೆತ್ತಿದ್ದಕ್ಕೆ, ಅಂದೆ.
ಅವಳ ಬೆರಳು ಅಲ್ಲೇ ಇತ್ತು ಬಹಳ ಹೊತ್ತು.
‘ನಮ್ಮನೆ ಕಡಗೋಲೂ ಅವನೇ ಕೆತ್ತಿದ್ದು.
ಇನ್ನೂ ಮುರಿದಿಲ್ಲ.’

ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು
ಆರು ಹತ್ತರ ನೋಟು.
‘ಕಾವಿನ ಕೂಲಿ. ಕೊಟ್ಬುಡಿ.
ನಮ್ಮನೆ ಬಾಕಿ ಇರಬಾರದು.’
ದೊಡ್ಡ ಮನಸ್ಸು ನಿಮ್ಮದು ತಾಯಿ, ಅನ್ನಲು ಹೋದೆ.
‘ಮಾಫಿ ಅಲ್ಲ ಕಣಪ್ಪ.
ವರುಸ ಬಿಟ್ಟಿರೋದು ನೀವು, ನಾನಲ್ಲ.’
ರಸೀದಿ ಬೇಡವೆಂದಳು.
ಹನ್ನೆರಡೂವರೆ ಬಸ್ಸಿಗೆ ಹೊತ್ತಾಗಿತ್ತು.

ಶನಿವಾರ ಬೆಳಿಗ್ಗೆ ಅವನ ಬಿಡುಗಡೆ.
ಹಳೇ ಅಂಗಿ, ಒಂದು ವಾಚು, ನಿಂತುಹೋಗಿದ್ದು,
ಅದರ ಮೇಲೆ ಆ ಅರವತ್ತು.
ಯಾರು ಕೊಟ್ಟರೆಂದು ಹೇಳಿದೆ.
ಎಣಿಸಿದ. ಮತ್ತೆ ಎಣಿಸಿದ.
ಸಹಿ ಹಾಕಬೇಕಾದಲ್ಲಿ
ಕಲಿತ ಅಕ್ಷರ ಮರೆತವನ ಹಾಗೆ ಹೆಬ್ಬೆಟ್ಟು ಒತ್ತಿದ.

ಸಂಜೆ ಡ್ಯೂಟಿಗೆ ಬಂದ ರುದ್ರಮುನಿ ಹೇಳಿದ,
ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾನಂತೆ.
ದುದ್ದದ ಬಸ್ಸು ಮೂರು ಹೋದವಂತೆ.
ಊರೊಳಗೆ ಹೋಗಲು ಅವಳ ಮನೆ ದಾಟಬೇಕು.
ರುದ್ರಮುನಿ ಇವತ್ತು ನಗಲಿಲ್ಲ.
ನಾನು ಪೆನ್ನು ತೆಗೆದೆ, ನೀಲಿಯೋ ಕೆಂಪೋ ನೋಡಲಿಲ್ಲ,
ಯಾವ ಕಾಲಮ್ಮಿನಲ್ಲಿ ಬರೆಯಲಿ
ಹತ್ತದೆ ಬಿಟ್ಟ ಮೂರು ಬಸ್ಸು.