ಮೂಲ ಪ್ರತಿ

ನೂರಡಿ ರಸ್ತೆಯಲ್ಲಿ, ಹಲ್ಲಿನ ಡಾಕ್ಟರ ಮೆಟ್ಟಿಲ ಕೆಳಗೆ
ಹನ್ನೊಂದು ವರ್ಷ ನನ್ನ ಜೆರಾಕ್ಸ್ ಅಂಗಡಿ.
ಒಂದು ಮಷೀನು, ಒಂದು ಸ್ಟೂಲು, ಲ್ಯಾಮಿನೇಷನ್ನಿಗೆ ಬೇರೆ ದರ.
ಡಿ.ಎಡ್. ಮುಗಿಸಿದ ಬೇಸಿಗೆ ಅಣ್ಣ ಅಂದಿದ್ದ,
‘ಕಾಲ್‌ಫಾರ್ ಆಗೋವರ್ಗೂ ಕೂತಿರು.’
ಕೂತೆ.

ಯಾರಯಾರದೋ ಪಾಠಯೋಜನೆಗಳು
ನನ್ನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋದವು.
ಉದ್ದೇಶ, ಬೋಧನೋಪಕರಣ, ಮೌಲ್ಯಮಾಪನ,
ಕೆಳಗೆ ಹಸಿರು ಇಂಕಿನಲ್ಲಿ ಮಾರ್ಗದರ್ಶಕರ ಸಹಿ
(ನಕಲಿನಲ್ಲಿ ಅದೂ ಕಪ್ಪು).
ತರಬೇತಿಯ ಹುಡುಗಿಯರು ಸರದಿಗೆ ಕಾಯುತ್ತ
ಕಳೆಯುವ ಲೆಕ್ಕಕ್ಕೆ ಹುಣಸೆಬೀಜ ಒಯ್ಯಲೋ
ಕಡ್ಡಿಕಟ್ಟು ಒಯ್ಯಲೋ ಎಂದು ತಮ್ಮತಮ್ಮಲ್ಲೇ ಗುಸುಗುಸು.
ನನಗೆ ಗೊತ್ತಿತ್ತು. ಹೇಳಲಿಲ್ಲ.
ಪುಟಕ್ಕೆ ಒಂದು ರೂಪಾಯಿ ಅಂದೆ.

ನಡುವೆ ಮೂರು ಟಿಇಟಿ.
ಮೊದಲ ಸಲ ಎಂಬತ್ತೊಂಬತ್ತು, ತೊಂಬತ್ತಕ್ಕೆ ಬಾಗಿಲು.
ಎರಡನೆಯದಕ್ಕೆ ಮಗಳು ಹೊಟ್ಟೆಯಲ್ಲಿ,
ಉತ್ತರದ ಗುಂಡಿ ಕಪ್ಪು ಮಾಡಿದಾಗಲೆಲ್ಲ ಒದ್ದಳು.
ಮೂರನೆಯದರ ಫಲಿತಾಂಶ ಪ್ರಿಂಟ್ ತೆಗೆಸಲು ಬಂದವಳೊಬ್ಬಳು
‘ಅಕ್ಕ, ನಿಮ್ಮದೂ ನೋಡಿ’ ಅಂದಳು.
ಅವಳದು ಹೋಗಿತ್ತು. ನನ್ನದು ಬಂದಿತ್ತು.
ಅವಳ ಹತ್ತಿರ ದುಡ್ಡು ಇಸ್ಕೊಳ್ಳಲಿಲ್ಲ,
ಅಷ್ಟೇ ನನ್ನ ಕೈಲಾದದ್ದು.

ಕೌನ್ಸೆಲಿಂಗಿನ ದಿನ ಗುಮಾಸ್ತ ಕೇಳಿದ:
‘ಮೂಲ ದಾಖಲೆ? ಜೊತೆಗೆ ಎರಡು ಸೆಟ್ ನಕಲು?’
ನಗು ಬಂತು. ನಕಲು ಆರು ಸೆಟ್ಟಿದ್ದವು,
ಮೂಲವನ್ನೇ ಹುಡುಕಬೇಕಾಯಿತು ಚೀಲದ ತಳದಲ್ಲಿ.
ಮಡಿಕೆಯಲ್ಲಿ ಸವೆದ ಅಂಕಪಟ್ಟಿ, ಹಳೆಯ ಫೋಟೋ,
ಅದರಲ್ಲಿ ಎರಡು ಜಡೆ ಹಾಕಿಕೊಂಡ ಯಾರೋ
ನನಗಿಂತ ಧೈರ್ಯವಾಗಿ ನೋಡುತ್ತಿದ್ದಳು.

ಹೊಂಗೆಕೊಪ್ಪಲು. ಮಂಡ್ಯದಿಂದ ಎರಡು ಬಸ್ಸು,
ಆಮೇಲೆ ನಾಲೆ ಏರಿಯ ಮೇಲೆ ಒಂದೂವರೆ ಮೈಲಿ.
ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ಬಿಟ್ಟು
ನೆರಿಗೆಗೆಲ್ಲ ತರಗು ಹತ್ತಿಸಿಕೊಂಡು ಹೋದೆ.
ಹೆಡ್ ಮೇಡಮ್ಮಿಗೆ ಮೀಟಿಂಗು.
ಬಿಸಿಯೂಟದ ಕೆಂಪತಾಯಮ್ಮ ಬೀಗದ ಕೈ ಕೊಟ್ಟು
‘ಎಷ್ಟು ದಿನ್ಕೆ ಬಂದಿದ್ದೀರವ್ವ?’ ಅಂದಳು.
ಹಿಂದೆ ಬಂದು ಹೋದವರನ್ನು ಬೆರಳು ಮಡಚಿ ಎಣಿಸಿದಳು;
ಒಂದು ಕೈ ಸಾಲಲಿಲ್ಲ.

ಹದಿನೇಳು ಮಕ್ಕಳು. ಹಾಜರಿ ಕೂಗಿದೆ, ದನಿ ನನ್ನದು ಅನ್ನಿಸಲಿಲ್ಲ.
ತರಬೇತಿಯಲ್ಲಿ ಮಕ್ಕಳಾಗುತ್ತಿದ್ದವರು ನಾವೇ.
ಸಲೀಮಾ, ಪ್ರಭಾಮಣಿ, ಉದ್ದನೆಯ ಶಿವಮಾದು
ಕೇಳಿದ ಪ್ರಶ್ನೆಗೆ ಬೇಕಾದ ಉತ್ತರವನ್ನೇ ಹೇಳಿ
ಒಬ್ಬರ ಮಾನ ಒಬ್ಬರು ಕಾಯುತ್ತಿದ್ದೆವು.
ಅದೇ ಹಳೆಯ ಪ್ರಶ್ನೆ ಕೇಳಿದೆ: ಸೂರ್ಯ ಎಲ್ಲಿ ಹುಟ್ಟುತ್ತಾನೆ?
ಯೋಜನೆಯ ಪುಸ್ತಕದಲ್ಲಿ, ನಿರೀಕ್ಷಿತ ಉತ್ತರ: ಪೂರ್ವ.
ಕೊನೆಯ ಸಾಲಿನ ಚಿಕ್ಕಮರಿ ಎದ್ದ,
ಚಡ್ಡಿ ಏರಿಸಿಕೊಂಡ,
‘ಆಲೆಮನೆ ಹಿಂದ್ಗಡೆಯಿಂದ ಮಿಸ್.
ಒಗೆ ಜಾಸ್ತಿ ಇದ್ರೆ ವಸಿ ಲೇಟಾಯ್ತದೆ.’

ಇದಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.
ಹಿಂದಿನ ಬೆಂಚು ನೋಡಿದೆ. ಹಸಿರು ಪೆನ್ನಿನವರು ಯಾರೂ ಇಲ್ಲ,
ಅಲ್ಲಿ ಒಂದು ಸ್ಲೇಟು, ಅರ್ಧ ತಿಂದ ಸೀಬೆಕಾಯಿ.
‘ನೋಡೋಣ, ನಡೀರಿ’ ಅಂದೆ.

ಅಂಗಳಕ್ಕೆ ಬಂದರೆ ಹೊತ್ತು ಆಗಲೇ ಮೇಲೇರಿತ್ತು.
ಹೊಗೆ ನಾಲೆಯ ಮೇಲೆ ಬಾಗಿತ್ತು, ಬೆಲ್ಲ ಕಾಯುವ ವಾಸನೆ
ಹದಿನೇಳು ಮೂಗುಗಳೂ ಒಟ್ಟಿಗೆ ಎಳೆದುಕೊಂಡವು.
‘ಈಗೆಲ್ಲಿ ಕಾಣ್ತದೆ ಮಿಸ್,
ಬೆಳಿಗ್ಗೆ ಬೇಗ ಬನ್ನಿ, ತೋರುಸ್ತೀನಿ’ ಎಂದ ಚಿಕ್ಕಮರಿ,
ನನ್ನನ್ನು ಸೇರಿಸಿಕೊಳ್ಳಲೋ ಬೇಡವೋ ಎಂಬ ಮುಖದಲ್ಲಿ.

ಸಂಜೆ ಚಿಲ್ಲರೆಗೆ ಚೀಲ ತಡಕಿದರೆ ಎರಡು ಕೀಲಿ ಸಿಕ್ಕವು.
ಅಂಗಡಿಯನ್ನು ನಾದಿನಿಗೆ ಒಪ್ಪಿಸಿದ್ದೆ,
ಕೀಲಿ ಕೊಡುವುದು ಮರೆತಿತ್ತು.
ಕಂಡಕ್ಟರನನ್ನು ಕೇಳಿದೆ, ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ?
‘ನಾಲ್ಕೂಮುಕ್ಕಾಲು. ಯಾಕಮ್ಮ ಅಷ್ಟೊತ್ತಿಗೆ?’
ಸೂರ್ಯ ಹುಟ್ಟೋದು ನೋಡಬೇಕು ಅನ್ನಲು ನಾಚಿಕೆಯಾಗಿ
‘ಸ್ಕೂಲಿದೆ’ ಅಂದೆ.