ಭಾನುವಾರ, ಎರಡರಿಂದ ಮೂರು

ಮನೆ ಸಿಂಗರಿಸುವ ಹುಡುಗಿ ಬಂದು
ಬೊರ್ಗಿಲ್ಲಳ ಮಾತ್ರೆ ಡಬ್ಬ, ಹೆಣಿಗೆ ಬುಟ್ಟಿ, ಮುದಿ ಬೆಕ್ಕು
ಎಲ್ಲ ಪಕ್ಕದ ಮನೆಗೆ ಸಾಗಿಸಿದಳು.
ಮೇಜಿಗೆ ಏಳು ನಿಂಬೆಹಣ್ಣು, ಪ್ಲಾಸ್ಟಿಕ್ಕಿನವು.
ಓವನ್ನಿನಲ್ಲಿ ಏಲಕ್ಕಿ ಬನ್ನು:
ತಿನ್ನಲಿಕ್ಕಲ್ಲ, ಘಮಕ್ಕೆ.

ನವೆಂಬರಿನ ಟ್ರೊಮ್ಸೊ. ಎರಡು ಗಂಟೆಗೇ ಕತ್ತಲು.
ಎದುರಿಗೆ ಕಾರಿನಲ್ಲಿ ಕೂತು ನೋಡುತ್ತಾಳೆ,
ಕೋಣೆ ಕೋಣೆಗೂ ದೀಪ!
ಒಡ್ವಾರ್ ಇದ್ದಿದ್ದರೆ
ಮೀಟರನ್ನೇ ಕಿತ್ತಿಡುತ್ತಿದ್ದ.
ನಲವತ್ತು ವರ್ಷ
ಇಷ್ಟು ಚೆಂದವಿತ್ತೆ ಇದು?

ತಡೆಯಲಾಗಲಿಲ್ಲ. ಸಾಲಿನಲ್ಲಿ ನಿಂತಳು,
ಬೂಟಿಗೆ ನೀಲಿ ಚೀಲ ತೊಟ್ಟಳು.
ಏಜೆಂಟ್ ಹುಡುಗ ಗುರುತು ಹಿಡಿಯದೆ ಕರಪತ್ರ ಕೊಟ್ಟ.
ಅಡುಗೆಮನೆ ಕಿಟಕಿಯ ಬಳಿ
ಬಸುರಿಯೊಬ್ಬಳಿಗೆ ಮೆಲ್ಲಗೆ ಹೇಳಿದಳು:
"ಗಾಳಿ ಎದ್ದರೆ ಸಿಳ್ಳೆ ಹಾಕುತ್ತದೆ ಇದು.
ಸಂದಿಗೆ ಉಣ್ಣೆ ತುರುಕು, ಸುಮ್ಮನಾಗುತ್ತದೆ."

"ನಿಮಗೆ ಹೇಗೆ ಗೊತ್ತು?"

ಬೊರ್ಗಿಲ್ ಓವನ್ನು ತೆರೆದು
ಬಿಸಿ ಬನ್ನೊಂದನ್ನು ಎತ್ತಿಕೊಂಡಳು.